ವಾಲ್ಡೆಮಾರ್ ಹಾಫ್‌ಕಿನ್

ಚುಚ್ಚುಮದ್ದು ಇಂದು ಎಳೆಯ ಮಕ್ಕಳಿಗೂ ತಿಳಿದ ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಗಿರಲಿಲ್ಲ. ಆರೋಗ್ಯವಂತನ ಮೈಗೆ ಸೂಜಿ ಚುಚ್ಚಿ ರೋಗದ ಕ್ರಿಮಿಗಳನ್ನೇ ಒಳಸೇರಿಸುತ್ತಾರೆಂದರೆ ಜನ ಹೌಹಾರುತ್ತಿದ್ದರು. ಅದನ್ನು ಹಿಡಿದು ಬಂದವನು ಪರದೇಶದವನಾದರಂತೂ ಸಂಶಯ ಇಮ್ಮಡಿಯಾಗುತ್ತಿತ್ತು. ವಾಲ್ಡೆಮಾರ್ ಹಾಫ್‌ಕಿನ್ ಅಂಥ ಕಾಲದಲ್ಲಿ ಭಾರತಕ್ಕೆ ಬಂದರು.

ಅವರು 1860ರಲ್ಲಿ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ನಗರದ ಯೆಹೂದಿ ಮನೆತನದಲ್ಲಿ ಜನಿಸಿದರು. ಓದಿದ್ದು ಪ್ರಾಣಿಶಾಸ್ತ್ರ; ವೈದ್ಯ ಪದವಿ ಅವರಿಗಿರಲಿಲ್ಲ. ತಾಯ್ನಾಡಿನಲ್ಲಿ ಯೆಹೂದಿಗಳಿಗೆ ವಿದ್ವತ್ತಿನ ಬಾಗಿಲುಗಳು ಮುಚ್ಚಿದ್ದುದರಿಂದ ಪ್ಯಾರಿಸಿಗೆ ಹೋಗಿ, ಪಾಶ್ಚರ್ ಸಂಸ್ಥೆಯಲ್ಲಿ ಗ್ರಂಥಪಾಲಕರಾಗಿ ಸೇರಿದರು. ಬಿಡುವಿನ ವೇಳೆಯೆಲ್ಲ ಪ್ರಯೋಗಶಾಲೆಯಲ್ಲಿಯೇ ಕಳೆಯುತ್ತಿತ್ತು. 1892ರಲ್ಲಿ ಕಾಲರಾ ರೋಗಕ್ಕೆ ಲಸಿಕೆಯೊಂದನ್ನು ಸಿದ್ಧಪಡಿಸಿ, ಜುಲೈ 18ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು.

1893ರಲ್ಲಿ ಅವರು ಕಲ್ಕತ್ತೆಗೆ ಬಂದಿಳಿದಾಗ ಅಧಿಕಾರಿಗಳಲ್ಲಿ ಹಲವರು ಮುಖ ಸಿಂಡರಿಸಿದರು. ಜನರಂತೂ ಹತ್ತಿರ ಸುಳಿಯಲಿಲ್ಲ. ಹಾಫ್‌ಕಿನ್ ಹಟ ಹಿಡಿದು ಅಧಿಕಾರದ ಬಲವನ್ನು ಬೇಡಲಿಲ್ಲ. ಭಾರತೀಯ ವೈದ್ಯರನ್ನೇ ಜೊತೆಗಾರರನ್ನಾಗಿ ಮಾಡಿಕೊಂಡರು. ಅವರು ಊರಿನ ಭಾಷೆಯನ್ನೂ ಮನೆಗಳ ರೀತಿನೀತಿಯನ್ನೂ ಬಲ್ಲವರು. ಬಸ್ತಿಗಳಿಗೆ ಹೋಗಿ ಎಲ್ಲರೆದುರು ತಮ್ಮ ಮೈಗೆ ಸೂಜಿ ಹಾಕಿಕೊಂಡು ತೋರಿಸಿ, ಅನಂತರ ಒಪ್ಪಿದವರಿಗೆ ಮಾತ್ರ ಹಾಕುವುದು ಅವರ ಪದ್ಧತಿಯಾಯಿತು. 1894ರಲ್ಲಿ ಕಾಠಾಲ್ ಬಾಗಾನ್ ಎಂಬ ಬಡವರ ಬಸ್ತಿಯಲ್ಲಿ ಒಂದೇ ಕೆರೆಯ ನೀರು ಕುಡಿಯುವ ಜನರ ನಡುವೆ ಕಾಲರಾ ಹಬ್ಬಿತು. ಅಲ್ಲಿದ್ದ ಸುಮಾರು 200 ಜನರಲ್ಲಿ 116 ಮಂದಿ ಲಸಿಕೆ ಹಾಕಿಸಿಕೊಂಡರು. ಆಮೇಲೆ ಕಾಯಿಲೆ ಬಿದ್ದವರು ಹತ್ತು ಜನ, ಸತ್ತವರು ಏಳು. ಅವರೆಲ್ಲರೂ ಲಸಿಕೆ ಬೇಡವೆಂದವರೇ. ಈ ಲೆಕ್ಕ ಬಸ್ತಿಯವರ ಕಣ್ಣೆದುರಿಗೇ ನಡೆದುದಾದ್ದರಿಂದ ಬೇರೆ ಪ್ರಚಾರ ಬೇಕಾಗಲಿಲ್ಲ.

1896ರ ಮಳೆಗಾಲ ಮುಗಿಯುವ ಹೊತ್ತಿಗೆ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಜನ ಗುಂಪುಗುಂಪಾಗಿ ನಗರ ಬಿಟ್ಟರು. ಸರ್ಕಾರವು ಬಲಪ್ರಯೋಗದ ದಾರಿ ಹಿಡಿಯಿತು. ರೋಗಿಗಳನ್ನು ಮನೆಯವರಿಂದ ಅಗಲಿಸಿ ಆಸ್ಪತ್ರೆಗೆ ಸಾಗಿಸುತ್ತಿದ್ದರು. ರೊಚ್ಚಿಗೆದ್ದ ಗಿರಣಿ ಕೆಲಸಗಾರರು ಅಕ್ಟೋಬರಿನಲ್ಲಿ ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿ ಮಾಡಿದರು. ಮರುವರ್ಷ ಪುಣೆಯಲ್ಲಿ ಸೈನಿಕರು ದೇವರ ಮನೆ, ಅಡುಗೆಮನೆಗಳನ್ನೂ ಬಿಡದೆ ಶೋಧಿಸಿದ್ದರ ಫಲವಾಗಿ ಪ್ಲೇಗು ಅಧಿಕಾರಿ ರ್‍ಯಾಂಡ್ ಗುಂಡಿಗೆ ಬಲಿಯಾದನು.

ಇದೇ ದಿನಗಳಲ್ಲಿ ಹಾಫ್‌ಕಿನ್ ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೊಠಡಿ, ಒಂದು ಪಡಸಾಲೆಯಲ್ಲಿ, ಒಬ್ಬ ಗುಮಾಸ್ತ ಹಾಗೂ ಮೂವರು ಜವಾನರ ನೆರವಿನಿಂದ ದುಡಿಯುತ್ತಿದ್ದರು. ಮೂರು ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು, ವಾಡಿಕೆಯಂತೆ, ಅದನ್ನು ತಮ್ಮ ಮೈಗೇ ಹಾಕಿಸಿಕೊಂಡರು. ಜ್ವರವೂ ನೋವೂ ಬಂದು ಹೋದವು. ಅದೇ ತಿಂಗಳು ಬೈಕುಲ್ಲಾ ಸೆರೆಮನೆಯಲ್ಲಿ ಪ್ಲೇಗು ಹಬ್ಬಿದಾಗ, ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಖೋಜಾ ಸಮುದಾಯದ ಧರ್ಮಗುರು ಆಗಾ ಖಾನ್ ಆಗ ಇಪ್ಪತ್ತರ ಹರೆಯದವರು. ಅವರು ತಮ್ಮ ಜನರೆದುರು ಹಲವು ಬಾರಿ ಸೂಜಿ ಹಾಕಿಸಿಕೊಂಡರು. ಲಸಿಕೆ ತಯಾರಿಕೆಗೆ ತಮ್ಮದೊಂದು ಬಂಗಲೆಯನ್ನೇ ಬಿಟ್ಟುಕೊಟ್ಟರು. ಸಾವಿರಾರು ಖೋಜಾಗಳು ಅವರನ್ನು ಅನುಸರಿಸಿದರು.

ಕನ್ನಡನಾಡಿಗೂ ಪ್ಲೇಗು ಬಂತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಸುಮಾರು 50,000 ಜನವಸತಿಯ ಆ ಊರಿನಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮುಂದಾಳುತನದಲ್ಲಿ ಕೆಲವೇ ತಿಂಗಳಲ್ಲಿ 35,000ಕ್ಕೂ ಹೆಚ್ಚು ಜನ ಹಾಫ್‌ಕಿನ್ ಲಸಿಕೆ ಹಾಕಿಸಿಕೊಂಡರು. ಇಷ್ಟು ದೊಡ್ಡ ಪಾಲು ಜನ ಒಂದೇ ಊರಿನಲ್ಲಿ ಮುಂದೆ ಬಂದದ್ದು ಆಗ ದೇಶದಲ್ಲೆಲ್ಲ ಮಾತಾಯಿತು. ಲಸಿಕೆ ಎಲ್ಲರನ್ನೂ ಉಳಿಸಿತೆಂದಲ್ಲ. ಹಾಕಿಸಿಕೊಂಡವರಲ್ಲಿ ಸಾವು ಬಹುಮಟ್ಟಿಗೆ ತಗ್ಗಿತು.

ಹತ್ತು ವರ್ಷ ಕಟ್ಟಿದ ನಂಬಿಕೆ ಒಂದು ಸೀಸೆಯಿಂದ ಒಡೆಯಿತು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಅವರೆಲ್ಲರಿಗೂ ಮದ್ದು ಒಂದೇ ಸೀಸೆಯದು. ವಿಚಾರಣಾ ಮಂಡಲಿ ಪ್ರಯೋಗಶಾಲೆಯತ್ತ ಬೆರಳು ತೋರಿಸಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ಹಳ್ಳಿಗಳಲ್ಲಿ ಜನ ಸೂಜಿಯೆಂದರೆ ಓಡತೊಡಗಿದರು. ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಸರಿಯಾಗಿ ಶುದ್ಧಿಗೊಳಿಸದೆ ಅದನ್ನೇ ಮತ್ತೆ ಬಳಸಿದ್ದನು. ಈ ಸಂಗತಿಗೆ ಮನ್ನಣೆ ಸಿಗಲು ಐದು ವರ್ಷ ಹಿಡಿಯಿತು. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರವಾಗಿ ಬಹಿರಂಗವಾಗಿ ವಾದಿಸಿದ ಮೇಲೆ ಕಳಂಕ ಕಳೆಯಿತು. ಅವರು ಕಲ್ಕತ್ತೆಗೆ ಮರಳಿ ಕೆಲಸಕ್ಕೆ ಸೇರಿದರು. ಆದರೆ ಮೊದಲಿನ ಸ್ವಾತಂತ್ರ್ಯ ಅವರಿಗೆ ದೊರೆಯಲಿಲ್ಲ. ಕೆಲ ವರ್ಷಗಳಲ್ಲಿ ನಿವೃತ್ತರಾಗಿ ಯೂರೋಪಿಗೆ ಹಿಂದಿರುಗಿದರು.

ಅವರು ಮುಂಬಯಿಯಲ್ಲಿ ಕಟ್ಟಿದ್ದ ಪ್ರಯೋಗಶಾಲೆ 1899ರಲ್ಲಿಯೇ ಪರೇಲಿನ ಹಳೆಯ ಸರ್ಕಾರಿ ಭವನಕ್ಕೆ ಸ್ಥಳಾಂತರಗೊಂಡಿತ್ತು. 1925ರಲ್ಲಿ ಅದಕ್ಕೆ ಹಾಫ್‌ಕಿನ್ ಸಂಸ್ಥೆಯೆಂದು ಹೆಸರಿಟ್ಟರು. ಐದು ವರ್ಷಗಳ ತರುವಾಯ, 1930ರಲ್ಲಿ, ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಅವರು ತೀರಿಕೊಂಡರು.