ಹೊಂಬುಜದ ಕಲ್ಲಿಗೂ ಇಸವಿ ಇದೆ: ಮಲೆನಾಡಿನ ಶಾಸನ ಓದಿಸಿದ ಬಿ.ಎಲ್. ರೈಸ್

ಹೊಸನಗರ: ಹೊಂಬುಜದ ಪಂಚಕೂಟ ಬಸದಿ ಎಷ್ಟು ಹಳೇದು ಅಂತ ಕೇಳಿದ್ರೆ ಕ್ರಿ.ಶ. 1077 ಅನ್ನೋ ಉತ್ತರ ಸಿಗುತ್ತೆ. ಈ ಇಸವಿಯನ್ನು ಯಾರೂ ಅಂದಾಜಿನ ಮೇಲೆ ಹೇಳಿದ್ದಲ್ಲ, ಕಲ್ಲು ಓದಿ ಲೆಕ್ಕ ಹಾಕಿದ್ದು. ಅಲ್ಲಿನ ಶಾಸನಗಳ ಜೊತೆಗೆ ಸಾಗರ, ತೀರ್ಥಹಳ್ಳಿ ಕಡೆಯ ಶಾಸನಗಳನ್ನೂ ಪುಸ್ತಕಕ್ಕೆ ತಂದವರು ಬೆಂಜಮಿನ್ ಲೂಯಿಸ್ ರೈಸ್.

ಬೆಂಗಳೂರಿನಲ್ಲಿ ಹುಟ್ಟಿದ ಮೇಷ್ಟ್ರು

ರೈಸ್ ಹುಟ್ಟಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ಮಿಷನರಿ. ಇಂಗ್ಲೆಂಡಿನಲ್ಲಿ ಓದು ಮುಗಿಸಿ ವಾಪಸ್ ಬಂದು 1860ರಲ್ಲಿ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಆಮೇಲೆ ಶಾಲಾ ಇನ್ಸ್‌ಪೆಕ್ಟರ್ ಆಗಿ ಊರೂರು ಸುತ್ತುವಾಗ ಶಾಸನಗಳ ಹುಚ್ಚು ಹಿಡಿಯಿತು. 1885ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ಹೊಣೆ ಅವರ ಹೆಗಲಿಗೆ ಬಂತು.

ಇಲಾಖೆಯ ಪಂಡಿತರ ಜೊತೆ ಸೇರಿ ಸುಮಾರು 9 ಸಾವಿರ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಹೊರತಂದರು. 1904ರ 8ನೇ ಸಂಪುಟದಲ್ಲಿರೋದು ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಅಂದಿನ ನಗರ ತಾಲೂಕೇ ಇಂದಿನ ಹೊಸನಗರ.

ಲೆಕ್ಕ ಹಾಕೋದು ಹೇಗೆ?

ಕಾರ್ಬನ್ ಪರೀಕ್ಷೆ ಬಂದಿದ್ದೇ 1940ರ ದಶಕದ ಕೊನೆಗೆ. ಅದು ಇದ್ದಿಲು, ಮರ, ಮೂಳೆಗೆ ಆಗುತ್ತೆ. ಕಲ್ಲಿನ ಮೇಲೆ ಅಕ್ಷರ ಯಾವಾಗ ಕೆತ್ತಿದ್ರು ಅನ್ನೋದನ್ನು ಅದು ಹೇಳಲ್ಲ. ಶಾಸನಕ್ಕೆ ಪಂಚಾಂಗವೇ ದಾರಿ.

ಶಕವರ್ಷಕ್ಕೆ 78 ಸೇರಿಸಿದ್ರೆ ಇಸವಿ ಸಿಗುತ್ತೆ. ಶಕ 999 ಅಂದ್ರೆ 1077, ಅದು ಪಿಂಗಳ ಸಂವತ್ಸರ. ಬರೀ ಪಿಂಗಳ ಅಂತಿದ್ರೆ ಕಷ್ಟ, ಯಾಕಂದ್ರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತೆ. ಆಗ ರಾಜನ ಹೆಸರು, ಅಕ್ಷರದ ಆಕಾರ, ತಿಥಿ, ವಾರ, ಗ್ರಹಣ ಎಲ್ಲ ತಾಳೆ ನೋಡಬೇಕು.

1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಸುತ್ತ ರೈಸ್ ಪತ್ತೆ ಮಾಡಿದ ಅಶೋಕನ ಶಾಸನಗಳಲ್ಲಿ ಶಕವರ್ಷವೇ ಇಲ್ಲ. ಆದ್ರೆ ಅಶೋಕನ ಬೇರೆ ಶಾಸನಗಳಲ್ಲಿ ಗ್ರೀಕ್ ರಾಜರ ಹೆಸರಿದೆ. ಆ ರಾಜರ ಕಾಲ ಗೊತ್ತಿರೋದ್ರಿಂದ ಇವು ಕ್ರಿ.ಪೂ. 3ನೇ ಶತಮಾನದ್ದು ಅಂತ ತಿಳಿಯಿತು.

ತಕರಾರೂ ಇತ್ತು

ರೈಸ್ ಹೇಳಿದ್ದೆಲ್ಲ ಹಾಗೇ ನಿಲ್ಲಲಿಲ್ಲ. 388ನೇ ವರ್ಷ ಅಂತ ಬರೆದಿದ್ದ ಮಡಿಕೇರಿಯ ಗಂಗರ ತಾಮ್ರಪಟವನ್ನು ಅವರು ನಂಬಿದ್ರು. ಇನ್ನೊಬ್ಬ ವಿದ್ವಾಂಸ ಫ್ಲೀಟ್ ಅದರ ಅಕ್ಷರ ನೋಡಿ, ಇದು ಬಹಳ ನಂತರ ಸೃಷ್ಟಿಸಿದ ದಾಖಲೆ ಅಂತ ವಾದಿಸಿದ್ರು. ಜಮೀನಿಗೆ ಸುಳ್ಳು ಪತ್ರ ಮಾಡೋದು ಆಗಲೂ ಇತ್ತು! ಆದ್ರೆ ರೈಸ್ ತಮ್ಮ ತೀರ್ಮಾನವನ್ನಷ್ಟೇ ಬರೆಯದೆ ಶಾಸನದ ಪೂರ್ತಿ ಪಾಠವನ್ನೇ ಅಚ್ಚು ಹಾಕಿದ್ರು. ಹಾಗಾಗಿ ತಪ್ಪಿದ್ದರೆ ಬೇರೆಯವರು ತಿದ್ದಬಹುದಿತ್ತು.

1906ರಲ್ಲಿ ನಿವೃತ್ತರಾದ ರೈಸ್ ಇಂಗ್ಲೆಂಡಿಗೆ ಹೋದರು. 1927ರ ಜುಲೈ 10ರಂದು ಹ್ಯಾರೋದಲ್ಲಿ ತೀರಿಕೊಂಡಾಗ ಅವರಿಗೆ 89 ವರ್ಷ.

ಕಲ್ಲು ಕಂಡರೆ ಏನು ಮಾಡಬೇಕು?

ತೋಟ, ಗದ್ದೆ, ದೇವಸ್ಥಾನದ ಅಂಗಳದಲ್ಲಿ ಅಕ್ಷರ ಇರೋ ಕಲ್ಲು ಸಿಕ್ಕಿದ್ರೆ ಕಿತ್ತು ಬೇರೆ ಕಡೆ ನಿಲ್ಲಿಸಬೇಡಿ, ಸುಣ್ಣ ಬಣ್ಣ ಬಳಿಯಬೇಡಿ, ಬಟ್ಟೆ ಒಗೆಯೋಕೆ ಹಾಕಬೇಡಿ. ಫೋಟೋ ತೆಗೆದು ಪುರಾತತ್ವ ಇಲಾಖೆಗೆ ಇಲ್ಲವೇ ತಾಲೂಕು ಕಚೇರಿಗೆ ತಿಳಿಸಿ. ಇಸವಿ ಇರೋ ಒಂದು ಸಾಲು ಸವೆದು ಹೋದ್ರೆ ಆ ಊರಿನ ವಯಸ್ಸು ಹೇಳೋಕೆ ಬೇರೆ ಸಾಕ್ಷಿ ಸಿಗದೇ ಹೋಗಬಹುದು.