ಕ್ಷಯದ ನೆರಳನ್ನು ಕಾಣಿಸಿದ ಮಹನೀಯ: ವಿಲ್ಹೆಲ್ಮ್ ರಾಂಟ್‌ಜನ್

ಮಾರ್ಚ್ ತಿಂಗಳ ಕೊನೆಯಲ್ಲಿ ವೈದ್ಯಲೋಕ ನೆನೆಯಬೇಕಾದ ಎರಡು ದಿನಗಳು ಹತ್ತಿರ ಹತ್ತಿರದಲ್ಲಿಯೇ ಬರುತ್ತವೆ. ಮಾರ್ಚ್ 24 ವಿಶ್ವ ಕ್ಷಯರೋಗ ದಿನ. 1882ರ ಆ ದಿನದಂದು ರಾಬರ್ಟ್ ಕಾಕ್ ಅವರು ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ಬರ್ಲಿನ್ ನಗರದಲ್ಲಿ ಲೋಕಕ್ಕೆ ಪರಿಚಯಿಸಿದರು. ಮೂರು ದಿನಗಳ ನಂತರ, ಮಾರ್ಚ್ 27ರಂದು, ವಿಲ್ಹೆಲ್ಮ್ ಕಾನ್ರಾಡ್ ರಾಂಟ್‌ಜನ್ ಅವರ ಜನ್ಮದಿನ. ಒಬ್ಬರು ರೋಗದ ಬೀಜವನ್ನು ತೋರಿಸಿದರು. ಇನ್ನೊಬ್ಬರು ಆ ಬೀಜವು ಜೀವಂತ ಮನುಷ್ಯನ ಎದೆಗೂಡಿನೊಳಗೆ ಮಾಡುವ ಹಾನಿಯನ್ನು ನೋಡುವ ಕಣ್ಣನ್ನು ಕೊಟ್ಟರು. ಕನ್ನಡದಲ್ಲಿ ಕ್ಷಯ ಮತ್ತು ಕ್ಷ-ಕಿರಣ ಎಂಬ ಎರಡು ಪದಗಳೂ ಒಂದೇ ಅಕ್ಷರದಿಂದ ಆರಂಭವಾಗುವುದು ಆಕಸ್ಮಿಕವಾದರೂ ಅರ್ಥಪೂರ್ಣವಾಗಿದೆ.

ರಾಂಟ್‌ಜನ್ 1845ರಲ್ಲಿ ಜರ್ಮನಿಯ ಲೆನ್ನೆಪ್ ಎಂಬ ಊರಿನಲ್ಲಿ ಬಟ್ಟೆ ವ್ಯಾಪಾರಿಯ ಒಬ್ಬನೇ ಮಗನಾಗಿ ಜನಿಸಿದರು. ತಾಯಿಯ ನಾಡು ಹಾಲೆಂಡ್. ಬಾಲ್ಯ ಕಳೆದುದೂ ಅಲ್ಲಿಯೇ. ಉಟ್ರೆಕ್ಟ್ ನಗರದ ಶಾಲೆಯಲ್ಲಿ ಸಹಪಾಠಿಯೊಬ್ಬ ಅಧ್ಯಾಪಕರ ವ್ಯಂಗ್ಯಚಿತ್ರ ಬರೆದ. ಬರೆದವನ ಹೆಸರು ಹೇಳಲು ನಿರಾಕರಿಸಿದ ತಪ್ಪಿಗೆ ರಾಂಟ್‌ಜನ್ ಶಾಲೆಯಿಂದ ಹೊರಬೀಳಬೇಕಾಯಿತು. ಹೀಗಾಗಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ಬೇಕಾದ ಅರ್ಹತಾಪತ್ರ ಅವರಿಗೆ ದೊರೆಯಲೇ ಇಲ್ಲ. ಅಂತಹ ಪತ್ರವನ್ನು ಕೇಳದಿದ್ದ ಜ್ಯೂರಿಕ್‌ನ ಪಾಲಿಟೆಕ್ನಿಕ್ ಅವರನ್ನು ಸೇರಿಸಿಕೊಂಡಿತು. ಅಲ್ಲಿ ಯಂತ್ರಶಾಸ್ತ್ರ ಕಲಿತು, 1869ರಲ್ಲಿ ಡಾಕ್ಟರೇಟ್ ಪಡೆದು, ಆಗಸ್ಟ್ ಕುಂಟ್ ಎಂಬ ಗುರುಗಳ ಸಹಾಯಕರಾದರು. ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯವು ಅದೇ ಹಳೆಯ ಕೊರತೆಯನ್ನು ಎತ್ತಿ ಹಿಡಿದು ಅವರಿಗೆ ಬೋಧನೆಯ ಅರ್ಹತೆಯನ್ನು ನಿರಾಕರಿಸಿತು. ಮುಂದೆ 1888ರಲ್ಲಿ ಅದೇ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಸಿಕೊಂಡಿತು; 1894ರಲ್ಲಿ ತನ್ನ ಮುಖ್ಯಸ್ಥರನ್ನಾಗಿಯೂ ಆರಿಸಿತು.

1872ರಲ್ಲಿ ಅವರು ಜ್ಯೂರಿಕ್‌ನ ಹೋಟೆಲಿಗರೊಬ್ಬರ ಮಗಳಾದ ಅನ್ನಾ ಬರ್ಥಾ ಅವರನ್ನು ವಿವಾಹವಾದರು. ದಂಪತಿಗೆ ಮಕ್ಕಳಾಗಲಿಲ್ಲ. ಬರ್ಥಾ ಅವರ ಸಹೋದರನ ಆರು ವರ್ಷದ ಮಗಳನ್ನು ಮನೆಗೆ ಕರೆತಂದು ಸಾಕಿದರು.

1895ರ ನವೆಂಬರ್ 8ರ ಸಂಜೆ. ಗಾಳಿ ತೆಗೆದ ಗಾಜಿನ ನಳಿಕೆಯೊಳಗೆ ವಿದ್ಯುತ್ ಹರಿಸಿ ರಾಂಟ್‌ಜನ್ ಪ್ರಯೋಗ ನಡೆಸುತ್ತಿದ್ದರು. ನಳಿಕೆಗೆ ಕಪ್ಪು ರಟ್ಟಿನ ಹೊದಿಕೆಯಿತ್ತು, ಕೋಣೆ ಕತ್ತಲಾಗಿತ್ತು. ಆದರೂ ದೂರದಲ್ಲಿದ್ದ, ಬೇರಿಯಂ ಲವಣ ಲೇಪಿಸಿದ ಪರದೆಯೊಂದು ಮಿನುಗುತ್ತಿತ್ತು. ರಟ್ಟನ್ನು ದಾಟಿ ಬರುವ ಈ ಕಿರಣ ಯಾವುದು? ಮುಂದಿನ ವಾರಗಳಲ್ಲಿ ಅವರಿಗೆ ಪ್ರಯೋಗಾಲಯವೇ ಮನೆಯಾಯಿತು. ಕಾಗದ, ಮರ, ಲೋಹ ಒಂದೊಂದನ್ನೇ ಅಡ್ಡ ಹಿಡಿದು ಪರೀಕ್ಷಿಸಿದರು. ಡಿಸೆಂಬರ್ 22ರಂದು ಪತ್ನಿಯ ಕೈಯನ್ನು ಛಾಯಾಚಿತ್ರದ ಫಲಕದ ಮೇಲಿರಿಸಿದಾಗ ಎಲುಬುಗಳೂ ಬೆರಳಿನ ಉಂಗುರವೂ ಅಚ್ಚೊತ್ತಿದವು. ವರ್ಷ ಮುಗಿಯುವ ಮೊದಲೇ ಪ್ರಬಂಧ ಸಿದ್ಧವಾಯಿತು. ಗುರುತಿಲ್ಲದ ಆ ಕಿರಣವನ್ನು ಗಣಿತದ ಅಜ್ಞಾತ ರಾಶಿಯಂತೆ ಎಕ್ಸ್ ಎಂದು ಕರೆದರು.

ವೈದ್ಯರು ತಡಮಾಡಲಿಲ್ಲ. 1896ರಲ್ಲಿಯೇ ಪ್ಯಾರಿಸ್‌ನ ಬುಷಾರ್, ಬೋಸ್ಟನ್‌ನ ಫ್ರಾನ್ಸಿಸ್ ವಿಲಿಯಮ್ಸ್ ಮೊದಲಾದವರು ಈ ಕಿರಣಗಳನ್ನು ಎದೆಯ ಕಡೆಗೆ ತಿರುಗಿಸಿದರು. ಅಲ್ಲಿಯವರೆಗೆ ವೈದ್ಯರಿಗೆ ಶ್ವಾಸಕೋಶದ ಕ್ಷಯವನ್ನು ತಿಳಿಯಲು ಇದ್ದ ದಾರಿಗಳು ಎದೆಯನ್ನು ಬೆರಳಿನಿಂದ ತಟ್ಟುವುದು, ಸ್ಟೆತಾಸ್ಕೋಪಿನಿಂದ ಆಲಿಸುವುದು, ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು.

ಚಿತ್ರದಲ್ಲಿ ಕಾಣುವುದೇನು? ಗಾಳಿ ತುಂಬಿದ ಶ್ವಾಸಕೋಶವನ್ನು ಕಿರಣಗಳು ಸುಲಭವಾಗಿ ದಾಟುವುದರಿಂದ ಅದು ಕಪ್ಪಾಗಿ ಕಾಣುತ್ತದೆ; ಪಕ್ಕೆಲುಬು, ಹೃದಯಗಳು ಬೆಳ್ಳಗೆ ಕಾಣುತ್ತವೆ. ಕ್ಷಯ ತಗುಲಿದಾಗ ಆ ಕಪ್ಪಿನಲ್ಲಿ ಮೋಡದ ತುಣುಕಿನಂತಹ ಬಿಳಿ ಮಚ್ಚೆಗಳು ಮೂಡುತ್ತವೆ. ವಯಸ್ಕರಲ್ಲಿ ಅವು ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ, ಕೊರಳೆಲುಬಿನ ಆಸುಪಾಸಿನಲ್ಲಿರುತ್ತವೆ. ಅಂಗಾಂಶ ಕೊಳೆತು ಟೊಳ್ಳಾದರೆ ಬಿಳಿಯ ಅಂಚಿನೊಳಗೆ ಕಪ್ಪು ಕುಹರ ಕಾಣುತ್ತದೆ. ಅಂತಹವರ ಕೆಮ್ಮಿನಿಂದ ರೋಗ ಹರಡುವ ಸಂಭವ ಹೆಚ್ಚು. ಮಕ್ಕಳಲ್ಲಿ ಶ್ವಾಸಕೋಶದ ಬುಡದ ಗ್ರಂಥಿಗಳು ಊದಿಕೊಳ್ಳುತ್ತವೆ. ಎದೆಯಲ್ಲಿ ನೀರು ತುಂಬಿದರೆ ಕೆಳಭಾಗ ಬೆಳ್ಳಗಾಗಿ ಮೂಲೆ ಮುಚ್ಚಿಹೋಗುತ್ತದೆ. ರೋಗಾಣು ರಕ್ತದ ಮೂಲಕ ಹಬ್ಬಿದಾಗ ನವಣೆ ಕಾಳು ಚೆಲ್ಲಿದಂತೆ ಎರಡೂ ಕಡೆ ಸಣ್ಣ ಚುಕ್ಕೆಗಳು ಕಾಣಿಸುತ್ತವೆ. ವಾಸಿಯಾದ ಮೇಲೂ ಸುಣ್ಣಗಟ್ಟಿದ ಚುಕ್ಕೆ, ಗಾಯದ ಗೆರೆಗಳು ಉಳಿಯಬಹುದು.

ಆದರೆ ನೆರಳು ನೆರಳೇ, ಅದು ರೋಗಾಣುವಲ್ಲ. ನ್ಯುಮೋನಿಯಾ, ಕ್ಯಾನ್ಸರ್ ಸಹ ಇದೇ ರೀತಿಯ ಮಚ್ಚೆಯನ್ನು ಮೂಡಿಸಬಲ್ಲವು. ಮಧುಮೇಹಿಗಳಲ್ಲಿ ಮಚ್ಚೆ ಕೆಳಭಾಗದಲ್ಲಿಯೂ ಕಾಣಬಹುದು. ಎಚ್‌ಐವಿ ಸೋಂಕಿತರಲ್ಲಿ ರೋಗವಿದ್ದೂ ಚಿತ್ರ ಸಹಜವಾಗಿರಬಹುದು. ಹಳೆಯ ಗಾಯವೋ ಹೊಸ ರೋಗವೋ ಎಂಬುದು ಒಂದೇ ಚಿತ್ರದಿಂದ ಯಾವಾಗಲೂ ತಿಳಿಯದು. ಆದ್ದರಿಂದ ಕಫದ ಪರೀಕ್ಷೆಯ ಸ್ಥಾನವನ್ನು ಚಿತ್ರವು ತುಂಬಲಾರದು.

ಈ ವಿಷಯದಲ್ಲಿ ಕನ್ನಡ ನಾಡಿಗೂ ಒಂದು ಪಾತ್ರವಿದೆ. ಬ್ರೆಜಿಲ್‌ನ ಮನುಯೆಲ್ ದೆ ಅಬ್ರೆಯು 1936ರಲ್ಲಿ ರೂಢಿಗೆ ತಂದ ಸಣ್ಣ ಫಿಲ್ಮಿನ ಚಿತ್ರಣದಿಂದ ಸಾವಿರಾರು ಜನರನ್ನು ಅಗ್ಗವಾಗಿ ಪರೀಕ್ಷಿಸುವುದು ಸಾಧ್ಯವಾಗಿತ್ತು. ಭಾರತದಲ್ಲಿ 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಈ ವಿಧಾನವನ್ನೇ ಬಳಸಿ, ಕ್ಷಯವು ಪಟ್ಟಣಗಳಷ್ಟೇ ಹಳ್ಳಿಗಳಲ್ಲಿಯೂ ಇದೆಯೆಂದು ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ಕೆಮ್ಮಿನಿಂದ ಬಳಲುವ ಬಡವರಲ್ಲಿ ಅನೇಕರು ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಬರುತ್ತಾರೆ, ಅಂಥವರ ಕಫವನ್ನು ಪರೀಕ್ಷಿಸಿದರೆ ರೋಗ ಸಿಗುತ್ತದೆ ಎಂಬುದು ಅವರಿಗೆ ಮನವರಿಕೆಯಾಯಿತು. 1962ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಇದು ತಳಹದಿಯಾಯಿತು. ಇಂದು ಹೊತ್ತೊಯ್ಯಬಹುದಾದ ಕ್ಷ-ಕಿರಣ ಯಂತ್ರಗಳು ಹಳ್ಳಿಗಳಿಗೆ ಹೋಗುತ್ತಿವೆ. 15 ವರ್ಷ ಮೀರಿದವರ ಎದೆಯ ಚಿತ್ರವನ್ನು ಗಣಕಯಂತ್ರದಿಂದ ಓದಿಸಲು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಮ್ಮತಿಸಿದೆ. ಅಲ್ಲಿಯೂ ನೆರಳು ಕಂಡವರಿಗೆ ಕಫದ ಪರೀಕ್ಷೆ ತಪ್ಪಿದ್ದಲ್ಲ.

ಇಷ್ಟೆಲ್ಲ ಆದುದರ ಹಿಂದೆ ರಾಂಟ್‌ಜನ್ ಅವರ ಒಂದು ನಿರ್ಧಾರವಿದೆ. ತಮ್ಮ ಶೋಧಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಅದು ಎಲ್ಲರಿಗೂ ಸೇರಬೇಕೆಂದು ಬಯಸಿದರು. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಬಂದಾಗ ಅದರ ಹಣವನ್ನು ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಕುಲೀನ ಪದವಿಯನ್ನೂ ಒಲ್ಲೆನೆಂದರು. 1919ರಲ್ಲಿ ಪತ್ನಿ ತೀರಿಕೊಂಡರು. ಮೊದಲ ಮಹಾಯುದ್ಧದ ನಂತರದ ಹಣದುಬ್ಬರದಲ್ಲಿ ಉಳಿತಾಯವೂ ಕರಗಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ಕರುಳಿನ ಕ್ಯಾನ್ಸರ್‌ನಿಂದ ಅವರು ನಿಧನರಾದರು.

ಹೊರನಾಡಿನ ನಗರಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಇಂದಿಗೂ ಕ್ಷಯದ ಹೆಸರು ಹೇಳಲು ಹಿಂಜರಿಯುವವರಿದ್ದಾರೆ. ಮಗಳ ಮದುವೆಯ ಮಾತುಕತೆಗೆ ಅಡ್ಡಿಯಾದೀತೆಂದು ಎದೆಯ ಚಿತ್ರವನ್ನು ಬೀರುವಿನಲ್ಲಿ ಬಚ್ಚಿಡುವುದುಂಟು. ಬಚ್ಚಿಟ್ಟ ನೆರಳು ಬೆಳೆಯುತ್ತದೆ. ತೋರಿಸಿದ ನೆರಳು ಸಾಮಾನ್ಯವಾಗಿ ಆರು ತಿಂಗಳ ಔಷಧಿಯಿಂದ ಗುಣವಾಗುತ್ತದೆ. ಸರಕಾರಿ ಕೇಂದ್ರಗಳಲ್ಲಿ ಈ ಚಿಕಿತ್ಸೆ ಉಚಿತ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವಿಕೆ ಕಂಡರೆ ವೈದ್ಯರನ್ನು ಕಾಣೋಣ. ಹಳೆಯ ಚಿತ್ರಗಳಿದ್ದರೆ ಎಸೆಯದೆ ಜೊತೆಗೆ ಒಯ್ಯೋಣ. ಹೊಸದರೊಡನೆ ಹೋಲಿಸಲು ಅವು ಬೇಕಾಗುತ್ತವೆ. ತಾವು ಕಂಡದ್ದನ್ನು ಲೋಕದಿಂದ ಬಚ್ಚಿಡದ ಆ ಮಹನೀಯರಿಗೆ ಇದಕ್ಕಿಂತ ಒಳ್ಳೆಯ ಗೌರವ ಬೇರೊಂದಿಲ್ಲ.