ಕಮಲಾದೇವಿಯವರೂ ಕುಂಬಾರರ ಮಣ್ಣೂ

ಕಮಲಾದೇವಿ ಚಟ್ಟೋಪಾಧ್ಯಾಯ ಎಂಬ ಹೆಸರನ್ನು ಕೇಳಿದೊಡನೆ ಆಕೆ ಬಂಗಾಳದವರೆಂದು ಭಾವಿಸುವವರು ನಮ್ಮಲ್ಲಿ ಇನ್ನೂ ಉಂಟು. ಆಕೆ ನಮ್ಮ ಮಂಗಳೂರಿನ ಮಗಳು. 1903ರ ಏಪ್ರಿಲ್ 3ರಂದು ಧಾರೇಶ್ವರ ಮನೆತನದಲ್ಲಿ ಜನಿಸಿದವರು. ತಂದೆ ಉಯಿಲು ಬರೆಯದೆ ತೀರಿಕೊಂಡದ್ದರಿಂದ ಆಸ್ತಿಯೆಲ್ಲ ಮಲಮಗನ ಪಾಲಾಯಿತು. ಹದಿನಾಲ್ಕರಲ್ಲಿ ಮದುವೆ, ಹದಿನಾರರಲ್ಲಿ ವೈಧವ್ಯ. ಅಂದಿನ ದಿನಗಳಲ್ಲಿ ಇಂಥ ಹೆಣ್ಣಿನ ಬಾಳು ಅಡಿಗೆಮನೆಯ ಕತ್ತಲೆಯಲ್ಲಿಯೇ ಮುಗಿಯಬೇಕಾಗಿತ್ತು. ತಾಯಿ ಗಿರಿಜಾಬಾಯಿಯವರು ಹಾಗಾಗಗೊಡಲಿಲ್ಲ. ಮಗಳು ಮದರಾಸಿನಲ್ಲಿ ಓದಿದಳು, ಕವಿ ಹರೀಂದ್ರನಾಥರ ಕೈಹಿಡಿದಳು, ಲಂಡನ್ನಿಗೂ ಹೋಗಿಬಂದಳು.

1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಿಂದ ಸೋತದ್ದು, 1930ರಲ್ಲಿ ಉಪ್ಪು ಮಾರಿ ಸೆರೆಮನೆ ಸೇರಿದ್ದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿಗಳೇ. ಸ್ವಾತಂತ್ರ್ಯ ಬಂದ ಮೇಲೆ ಜೊತೆಯವರು ಅಧಿಕಾರದ ಕುರ್ಚಿಗಳತ್ತ ನಡೆದಾಗ ಆಕೆ ಕುಶಲಕರ್ಮಿಗಳ ಓಣಿಗಳತ್ತ ನಡೆದರು. ನನ್ನ ಮಟ್ಟಿಗೆ ಅವರ ದೊಡ್ಡತನವಿರುವುದು ಇಲ್ಲಿ.

1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಅವರದಾಯಿತು. ಆಗ ಜಯಪುರದ ನೀಲಿ ಕುಂಬಾರಿಕೆ ಬಹುಮಟ್ಟಿಗೆ ಅಳಿದೇಹೋಗಿತ್ತು. ವಿಚಿತ್ರವೆಂದರೆ ಅದರಲ್ಲಿ ನಮ್ಮ ಕೆರೆಯ ಜೇಡಿಯೇ ಇಲ್ಲ! ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಸ್ವಲ್ಪ ಮುಲ್ತಾನಿ ಮಣ್ಣು, ಅಂಟು—ಇವುಗಳನ್ನು ಕಲಸಿ, ಅಚ್ಚಿನಲ್ಲಿ ಒತ್ತಿ, ಕೋಬಾಲ್ಟಿನ ನೀಲಿಯಿಂದ ಚಿತ್ರ ಬರೆದು, ಒಂದೇ ಸಲ ಸುಡುತ್ತಾರೆ. ಜಿಗುಟಿಲ್ಲದ ಈ ಮುದ್ದೆಯಿಂದ ಇಡೀ ಪಾತ್ರೆಯನ್ನು ತಿಗರಿಯ ಮೇಲೆ ಎತ್ತುವುದು ಕಷ್ಟ. ಶಾಂತಿನಿಕೇತನದಲ್ಲಿ ಕಲಿತ ಚಿತ್ರಕಾರ ಕೃಪಾಲಸಿಂಗ್ ಶೇಖಾವತರು ಈ ವಿದ್ಯೆಗೆ ಮರುಜೀವ ಕೊಟ್ಟರು. ಅವರ ಬೆನ್ನಿಗೆ ನಿಂತವರಲ್ಲಿ ಕಮಲಾದೇವಿಯವರು ಪ್ರಮುಖರು. ಸ್ವತಃ ತಿಗರಿ ತಿರುಗಿಸಿದವರಲ್ಲ ನಿಜ. ಆದರೆ ಮಾಡುವವನಿಗೆ ಕೊಳ್ಳುವವನನ್ನು ಹುಡುಕಿಕೊಡದೆ ಕಲೆ ಉಳಿಯದೆಂಬುದನ್ನು ಅವರು ಬಲ್ಲವರಾಗಿದ್ದರು.

ಅವರು ಬಡವನ ಗಡಿಗೆಯನ್ನು ದಿಲ್ಲಿಯ ಶ್ರೀಮಂತರ ದಿವಾನಖಾನೆಗೆ ಸಾಗಿಸಿದರಷ್ಟೇ ಎಂದು ಟೀಕಿಸುವವರಿದ್ದಾರೆ. ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ನಾನು ಕುಂಬಾರರ ಮನೆಯವನು, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ಬನಶಂಕರಿ ಜಾತ್ರೆಯಲ್ಲಿ ಅಪ್ಪ ಹರವಿಗೆ ಹೇಳಿದ ಬೆಲೆಯನ್ನು ಅರ್ಧಕ್ಕಿಳಿಸಿ, ಬೆರಳಿನಿಂದ ಬಡಿದು ನೋಡಿ, ಕೊಳ್ಳದೆ ಹೋದವರನ್ನು ಎಷ್ಟೋ ಸಲ ಕಂಡಿದ್ದೇನೆ. ದಿವಾನಖಾನೆಯೇ ಆಗಲಿ, ಕೇಳಿದ ಬೆಲೆ ಕೊಟ್ಟು ಒಯ್ಯುವವರು ನಮಗೆ ಬೇಕು.

1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಅವರನ್ನರಸಿ ಬಂದವು. 1988ರ ಅಕ್ಟೋಬರ್ 29ರಂದು ಅವರು ತೀರಿಕೊಂಡರು. ಜಯಪುರದಲ್ಲಿ ನೀಲಿ ಪಾತ್ರೆಗಳು ಇಂದಿಗೂ ಬೇಯುತ್ತಿವೆ. ನಮ್ಮ ಓಣಿಯಲ್ಲಿ ತಿರುಗುವ ತಿಗರಿಗಳು ಎರಡೇ ಉಳಿದಿವೆ, ಅವುಗಳಲ್ಲೊಂದು ಅಪ್ಪನದು.